ಶ್ಮಾಲ್ಟ್ಸ್ ಅಂದರೆ ಕೋಳಿ ಕೊಬ್ಬು

ಹೋದ ವರ್ಷ ಬೇಸಿಗೆಯಲ್ಲಿ ನಾವು ಮೂವರು ಸೇರಿ ಒಂದು ವರದಿ ಮಾಡಿದೆವು. ಧಾರವಾಡ ಜಿಲ್ಲೆಯ ಒಂದು ವಾರದ ಸಂತೆಯಲ್ಲಿ ಬೆಣ್ಣೆ ಮಾರುವ ಹೆಂಗಸರ ಬಗ್ಗೆ. ಓದು ಮುಗಿಸಿ ಹೊರಬಿದ್ದ ಮೇಲೆ ನಮ್ಮ ಕೈಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಇಂಗ್ಲಿಷಿನ ಒಂದು ವೆಬ್ ಪತ್ರಿಕೆ ಅದನ್ನು ಹಾಕಲು ಒಪ್ಪಿಕೊಂಡಿತ್ತು. ಕನ್ನಡದಲ್ಲಿ ಬರೆದು, ನಾವೇ ಇಂಗ್ಲಿಷಿಗೆ ತಂದು, ಮೂರು ಸಲ ಓದಿ ಮೇಲ್ ಮಾಡಿ ಕೂತೆವು.

ನಾಲ್ಕು ದಿನದ ಮೇಲೆ ಕಾಪಿ ವಾಪಸ್ ಬಂತು. ಪಕ್ಕದಲ್ಲಿ ಎಡಿಟರ್ ಬರೆದ ಟಿಪ್ಪಣಿಗಳು. ಬೆಣ್ಣೆಯ ದರ ಯಾವ ತಿಂಗಳದ್ದು, ಇದನ್ನು ಯಾರು ಹೇಳಿದರು, ಈ ವಾಕ್ಯ ಎರಡು ಸಲ ಬಂದಿದೆ, ಹೀಗೆ. ಅವೆಲ್ಲ ಅರ್ಥವಾದವು. ಕೊನೆಯ ಪ್ಯಾರಾದ ಪಕ್ಕದಲ್ಲಿ ಇದ್ದದ್ದು ಮಾತ್ರ ಅರ್ಥವಾಗಲಿಲ್ಲ. 'ಟೂ ಮಚ್ ಶ್ಮಾಲ್ಟ್ಸ್' ಅಂತಿತ್ತು. ಜಾಸ್ತಿಯಾಯಿತು ಅನ್ನುವುದು ತಿಳಿಯಿತು. ಏನು ಜಾಸ್ತಿಯಾಯಿತು ಅನ್ನುವುದು ತಿಳಿಯಲಿಲ್ಲ.

ಆ ಪ್ಯಾರಾದಲ್ಲಿ ನಾವು ಬರೆದದ್ದು ಇಷ್ಟು. ಎಪ್ಪತ್ತು ದಾಟಿದ ಆಯಿಯೊಬ್ಬರು ಒಲೆ ಮುಂದೆ ಕೂತು ಬೆಣ್ಣೆ ಕಾಯಿಸುತ್ತಿದ್ದಾರೆ. ಮನೆಯಲ್ಲಿ ಎಮ್ಮೆ ಕಟ್ಟಿ 40 ವರ್ಷ ಆಗಿದೆ. ಬೆಣ್ಣೆಯೆಲ್ಲ ಸಂತೆಗೆ ಹೋಗುತ್ತದೆ, ಮನೆಗೆ ಉಳಿಯುವುದು ಮಜ್ಜಿಗೆ. ಇದನ್ನು ಹೇಳುವಾಗ ಆಯಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು, ಮಾತು ಅಲ್ಲಿಗೇ ನಿಂತಿತು. ಆ ಕೊನೆಯ ಸಾಲಿನ ಬಗ್ಗೆ ನಮಗೆ ಬಹಳ ಹೆಮ್ಮೆ ಇತ್ತು.

ಗೂಗಲ್‌ನಲ್ಲಿ ಹುಡುಕಿದೆವು. ಶ್ಮಾಲ್ಟ್ಸ್ ಅಂದರೆ ಅತಿಯಾದ ಭಾವುಕತೆ, ಗೋಳು ಕರೆಯುವುದು ಅಂತ ಒಂದು ಅರ್ಥ ಬಂತು. ಅದರ ಮೇಲೆ, ಮೊದಲ ಅರ್ಥವಾಗಿ, ಕರಗಿಸಿದ ಕೋಳಿ ಕೊಬ್ಬು ಅಂತಿತ್ತು. ಬೆಣ್ಣೆಯ ವರದಿಗೆ ಕೋಳಿ ಕೊಬ್ಬಿನ ಬೈಗುಳ! ಮೂವರೂ ನಕ್ಕೆವು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಈ ಪದದ ಹಿಂದೆ ಬಿದ್ದೆವು. ಎಡಿಟರ್‌ಗೆ ಉತ್ತರ ಕೊಡಬೇಕಿತ್ತಲ್ಲ.

ಶ್ಮಾಲ್ಟ್ಸ್ ಯಿಡ್ಡಿಶ್ ಪದ. ಯಿಡ್ಡಿಶ್ ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತು. ಸುಮಾರು ಸಾವಿರ ವರ್ಷದ ಹಿಂದೆ ಜರ್ಮನಿಯ ರೈನ್ ನದಿಯ ಸುತ್ತಮುತ್ತಲ ಊರುಗಳಲ್ಲಿ ಬೆಳೆದ ಭಾಷೆ. ಮೈಕಟ್ಟು ಜರ್ಮನ್ನಿನದು, ಲಿಪಿ ಹೀಬ್ರೂವಿನದು, ಧರ್ಮ ಮತ್ತು ಓದಿನ ಮಾತುಗಳು ಹೀಬ್ರೂ-ಅರಾಮಿಕ್‌ನವು. ಪೂರ್ವಕ್ಕೆ ಸರಿದು ಪೋಲೆಂಡ್, ಲಿಥುವೇನಿಯಾ, ಉಕ್ರೇನ್ ಕಡೆ ಹೋದಂತೆ ಸ್ಲಾವಿಕ್ ಭಾಷೆಗಳ ಮಾತುಗಳೂ ಸೇರಿಕೊಂಡವು. ವೋರ್ಮ್ಸ್ ಎಂಬ ಊರಿನ, 1272ರಲ್ಲಿ ಬರೆದ ಒಂದು ಪ್ರಾರ್ಥನಾ ಪುಸ್ತಕದಲ್ಲಿ ಇರುವ ಒಂದೇ ಒಂದು ಪ್ರಾಸದ ಸಾಲನ್ನು ಯಿಡ್ಡಿಶಿನ ಅತಿ ಹಳೆಯ ಬರವಣಿಗೆ ಎಂದು ಲೆಕ್ಕ ಹಿಡಿಯುತ್ತಾರೆ. ದೊಡ್ಡ ಅಕ್ಷರಗಳ ಒಳಗಿನ ಖಾಲಿ ಜಾಗದಲ್ಲಿ ಅದನ್ನು ತುಂಬಿಸಿ ಬರೆಯಲಾಗಿದೆ. ಮನೆಮಾತಿಗೆ ಪುಸ್ತಕದಲ್ಲಿ ಸಿಕ್ಕ ಜಾಗ ಅಷ್ಟು.

ಶ್ಮಾಲ್ಟ್ಸ್ ಬಂದದ್ದು ಜರ್ಮನ್ ಕಡೆಯಿಂದ. ಹಳೆಯ ಜರ್ಮನ್ನಿನ ಸ್ಮಾಲ್ಟ್ಸ್ ಅಂದರೆ ಕರಗಿಸಿದ ಕೊಬ್ಬು. ಕರಗು ಎನ್ನುವ ಕ್ರಿಯಾಪದಕ್ಕೂ ಇದಕ್ಕೂ ಒಂದೇ ಬೇರು. ಇಂಗ್ಲಿಷಿನಲ್ಲಿ ಬೆಣ್ಣೆ ಕರಗುವುದಕ್ಕೆ ಹೇಳುವ ಮೆಲ್ಟ್, ಅದಿರು ಕರಗಿಸುವುದಕ್ಕೆ ಹೇಳುವ ಸ್ಮೆಲ್ಟ್, ಇವೆರಡೂ ಅದೇ ಮನೆತನದವು. ಇಂದಿನ ಜರ್ಮನಿಯಲ್ಲಿ ಶ್ಮಾಲ್ಟ್ಸ್ ಕೇಳಿದರೆ ಸಾಮಾನ್ಯವಾಗಿ ಹಂದಿಯ ಕೊಬ್ಬು ಕೊಡುತ್ತಾರೆ. ಯಿಡ್ಡಿಶ್ ಮನೆಗಳಲ್ಲಿ ಹಂದಿ ನಿಷಿದ್ಧ. ಅಲ್ಲಿ ಅದೇ ಪದ ಕೋಳಿ ಅಥವಾ ಬಾತುಜಾತಿಯ ದೊಡ್ಡ ಹಕ್ಕಿ ಹೆಬ್ಬಾತಿನ ಕೊಬ್ಬು. ಪಕ್ಕದ ಮನೆಯವರ ಪದವನ್ನೇ ತೆಗೆದುಕೊಂಡು ಒಳಗಿದ್ದ ಪ್ರಾಣಿಯನ್ನು ಬದಲಾಯಿಸಿದರು.

ಕೋಳಿಯೇ ಯಾಕೆ ಅನ್ನುವುದಕ್ಕೆ ಕಾರಣ ಅವರ ಆಹಾರದ ಕಟ್ಟಳೆಯಲ್ಲಿದೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಅನ್ನುವ ಮಾತು ಯೆಹೂದಿ ಧರ್ಮಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅದರಿಂದ ಬೆಳೆದ ನಿಯಮದ ಪ್ರಕಾರ ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಕೂಡುವಂತಿಲ್ಲ, ಪಾತ್ರೆಗಳೂ ಬೇರೆ ಬೇರೆ. ಅಂದಮೇಲೆ ಮಾಂಸದಡುಗೆಗೆ ಬೆಣ್ಣೆ ಬಳಸುವಂತಿಲ್ಲ. ಹಂದಿ ಮೊದಲೇ ಇಲ್ಲ. ದನ, ಕುರಿಗಳ ಮೂತ್ರಪಿಂಡದ ಸುತ್ತ ಇರುವಂಥ ಕೊಬ್ಬಿಗೂ ನಿಷೇಧ. ಸ್ಪೇನ್, ಟರ್ಕಿ ಕಡೆಯ ಯೆಹೂದಿಗಳಿಗೆ ಈ ತೊಂದರೆ ಇರಲಿಲ್ಲ, ಅವರಿಗೆ ಆಲಿವ್ ಎಣ್ಣೆ ಇತ್ತು. ಪೋಲೆಂಡಿನ ಚಳಿಯಲ್ಲಿ ಆಲಿವ್ ಬೆಳೆಯುವುದಿಲ್ಲ. ಉಳಿದದ್ದು ಹಿತ್ತಲಿನ ಹಕ್ಕಿ.

ಇದೇ ಕಟ್ಟಳೆ ನಮ್ಮ ಕರಾವಳಿಗೂ ಬಂದಿತ್ತು. ಕೊಚ್ಚಿಯ ಯೆಹೂದಿಗಳು, ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರು ಮಾಂಸದ ಸಾರಿಗೆ ಮೊಸರು ಹಾಲು ಹಾಕುವಂತಿರಲಿಲ್ಲ. ಅವರು ತೆಂಗಿನಹಾಲು ಹಾಕಿದರು. ಅದು ಹೆಸರಿಗೆ ಹಾಲು, ಕಟ್ಟಳೆಯ ಲೆಕ್ಕದಲ್ಲಿ ಕಾಯಿ. ಅಲ್ಲಿ ತೆಂಗಿನಮರ ಮಾಡಿದ ಕೆಲಸವನ್ನು ಪೋಲೆಂಡಿನಲ್ಲಿ ಹೆಬ್ಬಾತು ಮಾಡಿತು.

ಮಾಡುವ ವಿಧಾನ ಓದುತ್ತಾ ಹೋದಂತೆ ನಮಗೆ ಅದು ಗೊತ್ತಿರುವ ಕೆಲಸವೇ ಅನಿಸಿತು. ಕೋಳಿಯ ಚರ್ಮ ಮತ್ತು ಅದಕ್ಕಂಟಿದ ಹಳದಿ ಕೊಬ್ಬನ್ನು ಸಣ್ಣಗೆ ಹೆಚ್ಚಿ ದಪ್ಪ ತಳದ ಪಾತ್ರೆಗೆ ಹಾಕುತ್ತಾರೆ. ತಳ ಹಿಡಿಯದಿರಲಿ ಅಂತ ಸ್ವಲ್ಪ ನೀರು. ಉರಿ ಸಣ್ಣದಿರಬೇಕು. ನೀರು ಆರಿ, ಕೊಬ್ಬು ಕರಗಿ, ಚಟಪಟ ಸದ್ದು ಕಡಿಮೆಯಾಗುತ್ತಾ ಬಂದಾಗ ಹೆಚ್ಚಿದ ಈರುಳ್ಳಿ ಹಾಕುತ್ತಾರೆ. ಈರುಳ್ಳಿ ಕೆಂಪಾಗಬೇಕು, ಕಪ್ಪಾಗಬಾರದು. ಅವಸರ ಮಾಡಿದರೆ ಸೀದು ಕಹಿಯಾಗುತ್ತದೆ. ಸೋಸಿ ಗಾಜಿನ ಜಾಡಿಗೆ ತುಂಬಿ ತಂಪು ಜಾಗದಲ್ಲಿಟ್ಟರೆ ಬಹಳ ದಿನ ಬಾಳುತ್ತದೆ. ಬ್ರೆಡ್ಡಿಗೆ ಸವರಿ ಉಪ್ಪು ಉದುರಿಸಿ ತಿನ್ನುತ್ತಾರೆ. ಕುಟ್ಟಿದ ಲಿವರ್‌ಗೆ, ಪಾಸ್‌ಓವರ್ ಹಬ್ಬದ ಮಾಟ್ಸಾ ಉಂಡೆಗೆ ಅದೇ ಜಿಡ್ಡು.

ಸೋಸಿದ ಮೇಲೆ ಉಳಿಯುವ ಗರಿಗರಿ ಚರ್ಮದ ಚೂರು ಮತ್ತು ಈರುಳ್ಳಿಗೆ ಗ್ರಿಬೆನೆಸ್ ಅನ್ನುತ್ತಾರೆ. ಮಕ್ಕಳು ಅದಕ್ಕಾಗಿ ಒಲೆ ಸುತ್ತ ಸುಳಿದಾಡುತ್ತಾರಂತೆ. ನಮ್ಮಲ್ಲಿ ಬೆಣ್ಣೆ ಕಾಯಿಸಿದ ದಿನ ಪಾತ್ರೆ ತಳದ ಗಸಿಗೆ ಬೆಲ್ಲ ಕಲಸಿ ತಿನ್ನಲು ಅಣ್ಣ ತಂಗಿಯರ ಜೊತೆ ಜಗಳಾಡದವರು ಯಾರಿದ್ದೀರಿ? ತುಪ್ಪ ಡಬ್ಬಿಗೆ ಹೋಗುತ್ತದೆ, ಅತಿಥಿಗೆ ಹೋಗುತ್ತದೆ, ಪೇಟೆಗೆ ಹೋಗುತ್ತದೆ. ಗಸಿ ಮಾತ್ರ ಮಕ್ಕಳದು.

ನಮಗೆ ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ಶ್ಮಾಲ್ಟ್ಸ್ ಅಲ್ಲಿ ಹೇರಳವಾಗಿ ಸುರಿದುಕೊಳ್ಳುವ ಪದಾರ್ಥ ಆಗಿರಲಿಲ್ಲ. ಶರತ್ಕಾಲದಲ್ಲಿ ಹೆಬ್ಬಾತನ್ನು ಮೇಯಿಸಿ ಕೊಬ್ಬಿಸಿ, ಡಿಸೆಂಬರ್ ಸುಮಾರಿಗೆ ಬರುವ ಹನುಕ್ಕಾ ಹಬ್ಬದ ಹೊತ್ತಿಗೆ ಕೊಯ್ಯುತ್ತಿದ್ದರು. ಆಗ ಕರಗಿಸಿದ ಕೊಬ್ಬಿನಲ್ಲಿ ಒಂದು ಪಾಲನ್ನು ಮುಟ್ಟದೆ, ಮಾರ್ಚ್-ಏಪ್ರಿಲಿನ ಪಾಸ್‌ಓವರ್‌ಗೆಂದು ಎತ್ತಿಡುತ್ತಿದ್ದರು. ಪಾಸ್‌ಓವರ್‌ನಲ್ಲಿ ಹುದುಗಿದ ಹಿಟ್ಟಿನ ಸೋಂಕು ಇರಬಾರದಾದ್ದರಿಂದ ಆ ಜಾಡಿಯನ್ನು ಬೇರೆಯೇ ಇಡಬೇಕು, ಬ್ರೆಡ್ ಮುಟ್ಟಿದ ಚಮಚ ಅದಕ್ಕೆ ತಾಗಬಾರದು. ಒಂದು ಚಳಿಗಾಲವಿಡೀ ಒಂದು ಜಾಡಿಯನ್ನು ಕಾಯುವ ಕೆಲಸ ಅದು. ಕೋಳಿಯೂ ದಿನದ ಊಟವಲ್ಲ. ಸಾಕಿದರೆ ಮೊಟ್ಟೆಗೆ, ಕೊಯ್ದರೆ ಶುಕ್ರವಾರ ರಾತ್ರಿಯ ಸಬ್ಬತ್ತಿಗೆ. ಬಡವ ಕೋಳಿ ತಿನ್ನುತ್ತಿದ್ದಾನೆ ಅಂದರೆ ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ ಇರಬೇಕು ಅಂತ ಯಿಡ್ಡಿಶ್ ಗಾದೆಯೇ ಇದೆ.

ಹಾಗಾಗಿ ಯಿಡ್ಡಿಶಿನಲ್ಲಿ ಶ್ಮಾಲ್ಟ್ಸ್ ಒಳ್ಳೆಯ ಮಾತು. ಯಾರಿಗಾದರೂ ದಿಢೀರನೆ ಅದೃಷ್ಟ ಖುಲಾಯಿಸಿದರೆ ಶ್ಮಾಲ್ಟ್ಸ್‌ಗ್ರುಬ್‌ಗೆ, ಅಂದರೆ ಕೊಬ್ಬಿನ ಗುಂಡಿಗೆ ಬಿದ್ದ ಅನ್ನುತ್ತಾರೆ. ಇದನ್ನು ಓದಿದಾಗ ನಮ್ಮಲ್ಲೊಬ್ಬರು ಕುರ್ಚಿಯಿಂದ ಎದ್ದೇ ಬಿಟ್ಟರು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು! ಒಣರೊಟ್ಟಿ ತಿಂದವರಿಗಷ್ಟೇ ಹೊಳೆಯುವ ಗಾದೆ ಇದು. ಪೋಲೆಂಡಿನವರಿಗೂ ಉತ್ತರ ಕರ್ನಾಟಕದವರಿಗೂ ಅದೃಷ್ಟ ಅಂದರೆ ಜಿಡ್ಡೇ ಆಗಿತ್ತು.

ಹಾಗಿದ್ದ ಮಾತು ಬೈಗುಳ ಆದದ್ದು ಹೇಗೆ?

1881ರಿಂದ 1924ರ ನಡುವೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಯೆಹೂದಿಗಳು ಅಮೆರಿಕಕ್ಕೆ ಹೋದರು. ಬಹಳ ಜನ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟು ಮನೆಗಳಲ್ಲಿ ಸೇರಿಕೊಂಡು ಬಟ್ಟೆ ಹೊಲಿಯುವ ಕೆಲಸ ಹಿಡಿದರು. ಅಲ್ಲಿ ಕಾಲಕ್ರಮೇಣ ಕೋಳಿ ಅಗ್ಗವಾಯಿತು. ಕೊಬ್ಬೂ ಸಿಗತೊಡಗಿತು. ಅದಕ್ಕೆ ಪೈಪೋಟಿಯೂ ಬಂತು. 1911ರಲ್ಲಿ ಕ್ರಿಸ್ಕೋ ಎಂಬ ಹೆಸರಿನ ಬಿಳಿ ಗಟ್ಟಿ ಕೊಬ್ಬು ಮಾರುಕಟ್ಟೆಗೆ ಬಂತು. ಹತ್ತಿಬೀಜದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ್ದು. ಪ್ರಾಣಿಯದಲ್ಲ, ಹಾಲಿನದಲ್ಲ, ಮಾಂಸಕ್ಕೂ ಆಯಿತು ಹಾಲಿಗೂ ಆಯಿತು. ಯೆಹೂದಿಗಳು 4,000 ವರ್ಷದಿಂದ ಕಾಯುತ್ತಿದ್ದದ್ದು ಇದಕ್ಕೇ ಅನ್ನುವ ಮಾತನ್ನು ಒಬ್ಬ ರಬ್ಬಿಯ ಬಾಯಲ್ಲಿಟ್ಟು ಕಂಪನಿ ಪ್ರಚಾರ ಮಾಡಿತು. 1930ರ ದಶಕದಲ್ಲಿ ಯಿಡ್ಡಿಶ್ ಮತ್ತು ಇಂಗ್ಲಿಷ್ ಎರಡರಲ್ಲೂ ಅಡುಗೆ ಪುಸ್ತಕ ಅಚ್ಚು ಹಾಕಿಸಿತು. ಅದೇ ತಂತ್ರ 1937ರಲ್ಲಿ ನಮ್ಮ ದೇಶದಲ್ಲಿ ಡಾಲ್ಡಾ ಆಗಿ ಮಾರಾಟಕ್ಕೆ ಬಂತು. ತುಪ್ಪದ ಜಾಗಕ್ಕೆ ಡಾಲ್ಡಾ ಬಂದ ಕತೆ ನಮ್ಮ ಅಜ್ಜಿಯರಿಗೆ ಗೊತ್ತು. ಅಂಥದೇ ಕತೆ ಶ್ಮಾಲ್ಟ್ಸ್‌ಗೂ ಆಯಿತು. ಮುಂದೆ ಹೃದಯದ ಕಾಯಿಲೆಯ ಭಯವೂ ಸೇರಿಕೊಂಡು ಮನೆಯ ಜಾಡಿಗಳು ಒಂದೊಂದಾಗಿ ಖಾಲಿಯಾದವು. 1975ರಲ್ಲಿ ಅದೇ ಲೋಯರ್ ಈಸ್ಟ್ ಸೈಡ್‌ನಲ್ಲಿ ಶುರುವಾದ ಸ್ಯಾಮೀಸ್ ರುಮೇನಿಯನ್ ಎಂಬ ಹೋಟೆಲಿನಲ್ಲಿ ಪ್ರತಿ ಮೇಜಿನ ಮೇಲೂ ಒಂದು ಗಾಜಿನ ಹೂಜಿ ತುಂಬ ಶ್ಮಾಲ್ಟ್ಸ್ ಇಡುತ್ತಿದ್ದರು, ಬೇಕಾದಷ್ಟು ಸುರಿದುಕೊಳ್ಳಿ ಅಂತ. ಹಿಂದೆ ಬೀಗ ಹಾಕಿ ಕಾದದ್ದನ್ನು ಈಗ ತಮಾಷೆಗೆ ಸುರಿದುಕೊಳ್ಳುವಂತಾಯಿತು.

ಅರ್ಥ ಬದಲಾದದ್ದು ಅಷ್ಟರಲ್ಲೇ. 1930ರ ದಶಕದಲ್ಲಿ ಅಮೆರಿಕದ ಜಾಜ್ ವಾದಕರು ಈ ಮಾತನ್ನು ಬಳಸತೊಡಗಿದರು. ಚುರುಕಾದ ನುಡಿಸಾಣಿಕೆ ಬಿಟ್ಟು, ಒಂದೊಂದು ಸ್ವರವನ್ನೂ ಎಳೆದು, ಕಂಪಿಸಿ, ಕೇಳುಗರ ಕಣ್ಣಲ್ಲಿ ನೀರು ತರಿಸುವಂತೆ ನುಡಿಸಿದರೆ ಅದು ಶ್ಮಾಲ್ಟ್ಸ್. ಅಲ್ಲಿಂದ ಸಿನಿಮಾಕ್ಕೆ, ನಾಟಕಕ್ಕೆ, ಕೊನೆಗೆ ಪತ್ರಿಕೆಯ ಕಾಪಿಗೆ ಬಂತು. ಜರ್ಮನ್ನಿನಲ್ಲೂ ಅದೇ ಪದಕ್ಕೆ ಅದೇ ಅಡ್ಡ ಅರ್ಥ ಇದೆ. ಕೊಬ್ಬಿನ ಮಾತು ಹೀಗೆ ಜಾರುವುದು ಹೊಸದೇನಲ್ಲ. ಎಣ್ಣೆ ಅನ್ನುವ ಕನ್ನಡ ಪದವನ್ನೇ ನೋಡಿ. ಎಳ್ಳಿನ ನೆಯ್ ಎಣ್ಣೆ, ಬಿಳಿಯ ನೆಯ್ ಬೆಣ್ಣೆ. ಆಮೇಲೆ ಶೇಂಗಾದ್ದೂ ಎಣ್ಣೆ, ಲಾಟೀನಿಗೆ ಸುರಿಯುವ ಸೀಮೆಯದ್ದೂ ಎಣ್ಣೆ, ಈಗ ಸಂಜೆ ಬಾರಿನಲ್ಲಿ ಕುಡಿಯುವುದೂ ಎಣ್ಣೆ. ಹೊಗಳಿ ಕೆಲಸ ಮಾಡಿಸಿಕೊಂಡರೆ ಬೆಣ್ಣೆ ಹಚ್ಚಿದ. ಆಸೆ ತೋರಿಸಿ ಕೈಕೊಟ್ಟರೆ ಮೂಗಿಗೆ ತುಪ್ಪ ಸವರಿದ. ಮೈಮೇಲೆ ಪ್ರಜ್ಞೆ ಇಲ್ಲದೆ ಮೆರೆದರೆ ಕೊಬ್ಬು. ಇದ್ದದ್ದಕ್ಕೆ ಇಲ್ಲದ್ದು ಸೇರಿಸಿದರೆ ಒಗ್ಗರಣೆ. ಭಾವುಕತೆಗೆ ಜಿಡ್ಡಿನ ಹೆಸರು ನಾವು ಇಟ್ಟಿಲ್ಲ, ಉಳಿದದ್ದಕ್ಕೆಲ್ಲ ಇಟ್ಟಿದ್ದೇವೆ.

ಇಷ್ಟು ಓದಿದ ಮೇಲೆ ನಮ್ಮ ವಾದ ತಯಾರಾಯಿತು. ಹೊಟ್ಟೆ ತುಂಬಿದವರು ಬಡವರ ತುಪ್ಪವನ್ನು ನೋಡಿ ಜಿಡ್ಡು ಅನ್ನುತ್ತಾರೆ. ಅವರ ದುಃಖವನ್ನು ನೋಡಿ ಅತಿಯಾಯಿತು ಅನ್ನುತ್ತಾರೆ. ಇದಕ್ಕೆ ಸಾಕ್ಷಿಯೂ ಯಿಡ್ಡಿಶ್ ಲೋಕದಲ್ಲೇ ಸಿಕ್ಕಿತು, ಅದೂ ಪತ್ರಿಕೆಯ ಸಾಕ್ಷಿ. 1897ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಫೋರ್‌ವರ್ಟ್ಸ್ ಎಂಬ ಯಿಡ್ಡಿಶ್ ದಿನಪತ್ರಿಕೆಯಲ್ಲಿ ಸಂಪಾದಕ ಅಬ್ರಹಾಂ ಕಹಾನ್ 1906ರಲ್ಲಿ ಬಿಂಟೆಲ್ ಬ್ರಿಫ್ ಎಂಬ ಅಂಕಣ ಆರಂಭಿಸಿದರು. ಪತ್ರಗಳ ಕಟ್ಟು ಅಂತ ಅರ್ಥ. ಹೊಲಿಗೆ ಕಾರ್ಖಾನೆಯವರು, ಮನೆಗೆಲಸದವರು, ಊರಲ್ಲಿ ತಾಯಿಯನ್ನು ಬಿಟ್ಟು ಬಂದವರು ತಮ್ಮ ಕಷ್ಟ ಬರೆದು ಕೇಳುತ್ತಿದ್ದರು, ಪತ್ರಿಕೆ ಉತ್ತರ ಕೊಡುತ್ತಿತ್ತು. ಬರೆಯಲು ಬಾರದವರು ಕಚೇರಿಗೇ ಬಂದು ಬರೆಸುತ್ತಿದ್ದರು. ಅದೇ ಪತ್ರಿಕೆ ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಫೋಟೋಗಳನ್ನು ಹೆಸರು ಸಮೇತ ಸಾಲಾಗಿ ಹಾಕುತ್ತಿತ್ತು, ಗುರುತಿಸಿದವರು ತಿಳಿಸಲಿ ಅಂತ. ಇಂದಿನ ಎಡಿಟರ್ ಕೈಗೆ ಆ ಪತ್ರಗಳನ್ನು ಕೊಟ್ಟರೆ ಎಷ್ಟಕ್ಕೆ ಶ್ಮಾಲ್ಟ್ಸ್ ಅಂತ ಬರೆಯುತ್ತಿದ್ದರೋ. ಓದಿದವರಿಗೆ ಮಾತ್ರ ಅದು ತಮ್ಮ ಮನೆಯ ಸುದ್ದಿ.

ಈ ಎಲ್ಲವನ್ನೂ ಸೇರಿಸಿ ಎಡಿಟರ್‌ಗೆ ಒಂದು ಉದ್ದನೆಯ ಮೇಲ್ ಬರೆದೆವು. ಆಯಿಯ ಕಣ್ಣೀರು ನಮ್ಮ ಶ್ಮಾಲ್ಟ್ಸ್ ಅಲ್ಲ, ಆಯಿಯ ಬದುಕು, ಆ ಪ್ಯಾರಾ ತೆಗೆಯಬೇಡಿ ಅಂತ. ಎಡಿಟರ್ ಎರಡು ಸಾಲಿನ ಉತ್ತರ ಕೊಟ್ಟರು. ನೀವು ಅಲ್ಲಿದ್ದವರು, ನೀವು ನೋಡಿದ್ದು ನಿಜವಾದರೆ ಇರಲಿ. ನಾವು ನೋಡಿದ್ದು ನಿಜವೇ ಅಂತ ಬರೆದೆವು. ಪ್ಯಾರಾ ಉಳಿಯಿತು. ವರದಿ ಬಂತು. ಬಹಳ ಜನ ಹಂಚಿಕೊಂಡರು. ಹೆಚ್ಚಿನವರು ಹಂಚಿಕೊಂಡದ್ದು ಆ ಕೊನೆಯ ಪ್ಯಾರಾದ ಫೋಟೋವನ್ನೇ.

ತಿಂಗಳ ಮೇಲೆ ಆ ಊರಿಗೆ ಇನ್ನೊಂದು ಕೆಲಸಕ್ಕೆ ಹೋದಾಗ ಆಯಿಯ ಮನೆಗೂ ಹೋದೆವು. ಮೊದಲ ಸಲ ಹೋದಾಗ ಕೈ ಹಿಡಿದು ಕೂರಿಸಿದ್ದವರು ಈ ಸಲ ಬಾಗಿಲಲ್ಲೇ ನಿಂತರು. ಮೊಮ್ಮಗ ಮೊಬೈಲಿನಲ್ಲಿ ವರದಿಯನ್ನು ಕನ್ನಡ ಮಾಡಿ ಓದಿ ಹೇಳಿದ್ದನಂತೆ.

"ನಾ ಯಾವಾಗ ಅತ್ತೇನೋ ತಮ್ಮಾ?" ಅಂದರು.

ನಮಗೆ ಉತ್ತರ ಬರಲಿಲ್ಲ.

"ಹಸಿ ಕಟಗಿ ಹಾಕಿದ್ನಿ ಅವತ್ತ. ಹೊಗಿ ತುಂಬಿತ್ತು. ಕಣ್ಣಾಗ ನೀರ್ ಬಂತು, ಸೆರಗಲೆ ಒರಿಸ್ಕೊಂಡ್ನಿ. ನಿಮ್ಮ ಕಣ್ಣಾಗೂ ಬಂದಿತ್ತಲ್ಲ? ನೀವೂ ಅಳಾಕತ್ತಿದ್ರೇನ?"

ಹೌದು, ನಮ್ಮ ಕಣ್ಣಲ್ಲೂ ಬಂದಿತ್ತು. ನಮ್ಮಲ್ಲೊಬ್ಬರು ಕೆಮ್ಮುತ್ತಾ ಹೊರಗೆ ಎದ್ದು ಹೋಗಿದ್ದರು. ಮಾತು ನಿಂತದ್ದೂ ಹೊಗೆಗೇ. ನೋಟ್‌ಬುಕ್ಕಿನಲ್ಲಿ ನಾವು ಬರೆದುಕೊಂಡದ್ದು 'ಕಣ್ಣಲ್ಲಿ ನೀರು, ಮಾತು ನಿಂತಿತು' ಅಂತ ಮಾತ್ರ. ಊರಿಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ಹೊಗೆ ಬಿಟ್ಟುಹೋಗಿ, ಧಾರೆ ಸೇರಿಕೊಂಡಿತು.

ಅದರಿಂದ ಆದದ್ದೇನು ಅನ್ನುವುದನ್ನೂ ಆಯಿ ಹೇಳಿದರು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮಗನಿಗೆ ಯಾರೋ ಅದನ್ನು ಕಳಿಸಿದ್ದಾರೆ. ಮಗ ಅವ್ವನಿಗೆ ತುತ್ತು ತುಪ್ಪ ಹಾಕುವುದಿಲ್ಲ, ಅವಳು ಕಂಡವರ ಮುಂದೆ ಅಳುತ್ತಾಳೆ ಅಂತ ಅವನ ಜೊತೆ ಕೆಲಸ ಮಾಡುವವರು ಆಡಿಕೊಂಡಿದ್ದಾರೆ. ಅವನು ಫೋನ್ ಮಾಡಿ ಕೂಗಾಡಿದ್ದಾನೆ. ಆಯಿ ನಾಚಿಕೆಯಿಂದ ಎರಡು ವಾರ ಸಂತೆಗೆ ಹೋಗಿಲ್ಲ. ಎರಡು ವಾರದ ಬೆಣ್ಣೆ ಮನೆಯಲ್ಲೇ ಕಾಯಿಸಿದ್ದಾರೆ, ಕಡಿಮೆ ಬೆಲೆಗೆ ಅಕ್ಕಪಕ್ಕದವರಿಗೆ ತುಪ್ಪ ಕೊಟ್ಟಿದ್ದಾರೆ.

"ತುಪ್ಪ ಉಣ್ಣಲಿಲ್ಲ ಅಂತ ನನಗೇನ್ ದುಃಖ ಇಲ್ಲೋ. ಆ ರೊಕ್ಕದಾಗ ಇಬ್ಬರು ಹೆಣ್ಣಮಕ್ಕಳ ಲಗ್ನ ಮಾಡೇನಿ. ಅದನ್ನ ಹೇಳಿದ್ನೆಲ್ಲ ನಿಮಗ, ಅದನ್ಯಾಕ ಬರೀಲಿಲ್ಲ?"

ಹೇಳಿದ್ದರು. ನೋಟ್‌ಬುಕ್ಕಿನಲ್ಲಿ ಆ ಸಾಲೂ ಇತ್ತು. ಬೆಣ್ಣೆಯ ದುಡ್ಡಿನಲ್ಲಿ ಎರಡು ಮದುವೆ ಅಂತ. ದುಃಖದ ಪ್ಯಾರಾಗೆ ಅದು ಹೊಂದುವುದಿಲ್ಲ ಅಂತ ನಾವೇ ಬಿಟ್ಟಿದ್ದೆವು.

ವಾಪಸ್ ಬಸ್ಸಿನಲ್ಲಿ ಮೂವರೂ ಹೆಚ್ಚು ಮಾತಾಡಲಿಲ್ಲ. ನಾವು ಓದಿದ್ದೇನೂ ಸುಳ್ಳಾಗಿರಲಿಲ್ಲ. ಹೆಬ್ಬಾತಿನ ಜಾಡಿ ನಿಜ, ಕೊಬ್ಬಿನ ಗುಂಡಿಯ ಗಾದೆ ನಿಜ, ಹೊಟ್ಟೆ ತುಂಬಿದವರು ಬಡವರ ದುಃಖವನ್ನು ಜಿಡ್ಡು ಅನ್ನುವುದೂ ಎಷ್ಟೋ ಸಲ ನಿಜ. ಆದರೆ ನಮ್ಮ ಪ್ಯಾರಾದಲ್ಲಿದ್ದ ದುಃಖ ಬಡವರದ್ದಾಗಿರಲಿಲ್ಲ, ನಮ್ಮದು. ಪೋಲೆಂಡಿನ ಹೆಂಗಸು ಜಾಡಿ ತುಂಬಿಸಬೇಕಾದರೆ ಕೊಯ್ದ ಹಕ್ಕಿಯ ಮೈಮೇಲೆ ಎಷ್ಟು ಕೊಬ್ಬಿದೆಯೋ ಅಷ್ಟನ್ನೇ ಕರಗಿಸಬೇಕಿತ್ತು. ನಾವು ಹೋಟೆಲಿನ ಹೂಜಿಯಿಂದ ಸುರಿದಿದ್ದೆವು. ಫೋರ್‌ವರ್ಟ್ಸ್ ಪತ್ರಗಳನ್ನು ಸಾಕ್ಷಿಗೆ ಕರೆದೆವಲ್ಲ, ಅಲ್ಲಿ ಕಷ್ಟ ಹೇಳಿಕೊಂಡವರು ತಾವೇ ಪತ್ರ ಬರೆದವರು, ತಾವೇ ಕಚೇರಿ ಮೆಟ್ಟಿಲು ಹತ್ತಿದವರು. ಆಯಿ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ನಾವೇ ಅವರ ಅಡುಗೆಮನೆಗೆ ಹೋಗಿ ಕೂತಿದ್ದೆವು.

ಎಡಿಟರ್‌ಗೆ ಮತ್ತೆ ಮೇಲ್ ಬರೆದೆವು. ಈ ಸಲ ಚಿಕ್ಕದು. ಕಣ್ಣೀರಿನ ಸಾಲು ತಪ್ಪು, ಒಲೆಯ ಹೊಗೆಯಿಂದ ಬಂದ ನೀರನ್ನು ನಾವು ಅಳು ಎಂದು ಬರೆದೆವು, ತಿದ್ದಿ, ಕೆಳಗೆ ತಿದ್ದುಪಡಿಯ ಟಿಪ್ಪಣಿ ಹಾಕಿ, ಎರಡು ಮದುವೆಯ ಮಾತನ್ನು ಸೇರಿಸಿ. ಅವರು ಅವತ್ತೇ ತಿದ್ದಿದರು, ಬೈಯಲಿಲ್ಲ. ತಿದ್ದಿದ ವರದಿಯನ್ನು ಯಾರೂ ಹಂಚಿಕೊಳ್ಳಲಿಲ್ಲ. ಹಳೆಯ ಪ್ಯಾರಾದ ಫೋಟೋ ಈಗಲೂ ಆಗಾಗ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಅದನ್ನು ನಾವು ವಾಪಸ್ ತೆಗೆದುಕೊಳ್ಳಲಾರೆವು.

ಎರಡನೇ ಮಹಾಯುದ್ಧಕ್ಕೆ ಮೊದಲು ಯಿಡ್ಡಿಶ್ ಆಡುವವರು 1 ಕೋಟಿಗೂ ಹೆಚ್ಚು ಇದ್ದರು. ನಾಜಿಗಳು ಕೊಂದ ಸುಮಾರು 60 ಲಕ್ಷ ಯೆಹೂದಿಗಳಲ್ಲಿ ಬಹುಪಾಲು ಜನರ ಮನೆಮಾತು ಅದು. ಇಂದು ಬ್ರೂಕ್ಲಿನ್, ಜೆರುಸಲೇಮ್, ಆಂಟ್‌ವರ್ಪ್‌ನ ಕೆಲವು ಸಂಪ್ರದಾಯಸ್ಥ ಸಮುದಾಯಗಳಲ್ಲಿ ಮಕ್ಕಳು ಅದನ್ನು ಆಡುತ್ತಾ ಬೆಳೆಯುತ್ತಿದ್ದಾರೆ. ಉಳಿದ ಲೋಕಕ್ಕೆ ಆ ಭಾಷೆ ಇಂಗ್ಲಿಷಿನೊಳಗೆ ಸೇರಿಕೊಂಡ ಕೆಲವು ಪದಗಳಾಗಿ ಗೊತ್ತು. ಅದರಲ್ಲೂ ಶ್ಮಾಲ್ಟ್ಸ್ ಅಂದರೆ ಬರೀ ಗೋಳು. ಒಂದು ಚಳಿಗಾಲವಿಡೀ ಕಾದಿಟ್ಟ ಜಾಡಿ ಅದರ ಹಿಂದೆ ಕಾಣುವುದಿಲ್ಲ. ನಮಗೂ ಬೈಸಿಕೊಳ್ಳದಿದ್ದರೆ ಕಾಣುತ್ತಿರಲಿಲ್ಲ.

ಈಗ ನಾವು ಒಬ್ಬರ ಕಾಪಿಯನ್ನು ಇನ್ನೊಬ್ಬರು ಓದುವಾಗ ಪಕ್ಕದಲ್ಲಿ 'ಕೋ.ಕೊ.' ಅಂತ ಬರೆಯುತ್ತೇವೆ. ಕೋಳಿ ಕೊಬ್ಬು. ಹಾಗೆ ಬರೆದ ಕಡೆ ಆ ಸಾಲನ್ನು ಕೂಡಲೇ ತೆಗೆಯಬೇಕು ಅಂತಿಲ್ಲ. ನೋಟ್‌ಬುಕ್ ತೆಗೆದು, ಅವತ್ತು ಅಲ್ಲಿ ನಿಜವಾಗಿ ಏನಿತ್ತು ಅಂತ ನೋಡಬೇಕು. ಇದ್ದರೆ ಇರಲಿ. ಕೆಲವು ಸಲ ಇರುತ್ತದೆ.

ಹೋದ ತಿಂಗಳು ತಿದ್ದಿದ ವರದಿಯನ್ನು ಕನ್ನಡದಲ್ಲಿ ಪ್ರಿಂಟ್ ತೆಗೆದುಕೊಂಡು ಆಯಿಯ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆವು. ಮದುವೆಯ ಸಾಲು ಬಂದಾಗ "ಹೂಂ" ಅಂದರು. ಇನ್ನೇನೂ ಅನ್ನಲಿಲ್ಲ. ಸಂತೆಗೆ ಹೋಗುತ್ತಿದ್ದಾರೆ. ಮಗನೂ ಹಬ್ಬಕ್ಕೆ ಬಂದುಹೋದನಂತೆ. ಒಲೆ ಮೇಲೆ ಬೆಣ್ಣೆ ಕಾಯುತ್ತಿತ್ತು. ಕಾಯುವವರೆಗೆ ಕೂತಿದ್ದು, ಈ ಪದದ ಕತೆಯನ್ನೂ ಹೇಳಿದೆವು. ದೂರದ ದೇಶದಲ್ಲಿ ಕೋಳಿಯ ಕೊಬ್ಬನ್ನು ಹೀಗೇ ಕಾಯಿಸಿ ಸೋಸಿ ಇಡುತ್ತಿದ್ದರು ಆಯಿ, ಬೆಣ್ಣೆ ಮುಟ್ಟುವಂತಿರಲಿಲ್ಲ ಅವರು ಅಂತ.

"ಕೋಳೀದಾ? ಶಿವ ಶಿವಾ," ಅಂತ ಮುಖ ಸಿಂಡರಿಸಿದರು ಆಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೌಟಿನಿಂದ ತುಪ್ಪ ತಿರುವುತ್ತಾ ಕೇಳಿದರು.

"ಗಸಿ ಏನ್ ಮಾಡ್ತಾರ ಅವರು?"

"ಹುಡುಗರಿಗೆ ಕೊಡ್ತಾರ ಆಯಿ. ಉಳ್ಳಾಗಡ್ಡಿ ಹಾಕಿ."

"ಮತ್ತೇನ್ ಚೆಲ್ತಾರ?" ಅಂದು, ಪಾತ್ರೆ ಇಳಿಸಿ, ನಮ್ಮ ಕಡೆ ಬೆಲ್ಲದ ಡಬ್ಬಿ ಸರಿಸಿದರು.